ಅಂಗಡಿ ಅದೇ, ಪುಸ್ತಕಗಳೂ ಅವೇ. ಬೋರ್ಡ್ ಬದಲಾದ ಮೇಲೆ ಜನ ಯಾಕೆ ಕಡಿಮೆಯಾದರು?

ಪ್ರಶ್ನೆ: ಅಪ್ಪ ನಡೆಸುತ್ತಿದ್ದ ಹಳೆಯ ಪುಸ್ತಕಗಳ ಅಂಗಡಿಯನ್ನು ಮೂರು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಚಿಕ್ಕ ಅಂಗಡಿ. ಮರದ ಕಪಾಟುಗಳು, ಕಿಟಕಿಯ ಪಕ್ಕ ಎರಡು ಕುರ್ಚಿ, ಬಂದವರು ಎಷ್ಟು ಹೊತ್ತು ಬೇಕಾದರೂ ಕೂತು ಓದಬಹುದು. ಬೋರ್ಡ್ ತೀರಾ ಹಳತಾಯಿತೆಂದು ಕಳೆದ ವರ್ಷ ಎಲ್ಲವನ್ನೂ ಹೊಸದು ಮಾಡಿಸಿದೆ. ಅಪ್ಪನ ಕಾಲದ, ಹಸಿರು ಹಿನ್ನೆಲೆಗೆ ಬಿಳಿಯಲ್ಲಿ ಕೈಯಿಂದ ಬರೆದ ಬೋರ್ಡ್ ತೆಗೆಸಿ, ಕಪ್ಪಿನ ಮೇಲೆ ಹೊಳೆಯುವ ಚಿನ್ನದ ಬಣ್ಣದ, ಬಳ್ಳಿ ಬಳ್ಳಿಯಾದ ಅಕ್ಷರ ಹಾಕಿಸಿದೆ. ಕಿಟಕಿಯ ಗಾಜಿಗೆ ಪುಸ್ತಕಗಳ ದೊಡ್ಡ ಚಿತ್ರವಿರುವ ಸ್ಟಿಕ್ಕರ್, ಒಳಗೆ ಬೆಳ್ಳನೆಯ ಎಲ್‌ಇಡಿ ದೀಪ, ಬಾಗಿಲಿನಿಂದ ಕೌಂಟರಿನವರೆಗೆ ಹನ್ನೊಂದು ಸೂಚನಾ ಫಲಕ. ಆಮೇಲಿಂದ ಹೊಸಬರು ಬಾಗಿಲಲ್ಲೇ ಇಣುಕಿ ಹೋಗುತ್ತಾರೆ. ಹಳೆಯ ಗಿರಾಕಿಯೊಬ್ಬರು ಸಿಕ್ಕಾಗ 'ಅಂಗಡಿ ಮಾರಿಬಿಟ್ಟಿರಂತೆ' ಅಂದರು. ಕಪ್ಪು ಬಣ್ಣವೇ ಕಾರಣ, ಕೆಂಪು ಹಳದಿ ಮಾಡಿಸಿ ಅಂತ ಒಬ್ಬರು ಹೇಳುತ್ತಾರೆ. ಸರಕು ಚೆನ್ನಾಗಿದ್ದರೆ ಬೋರ್ಡ್ ಏನು ಮಾಡೀತು ಅಂತ ಇನ್ನೊಬ್ಬರು. ಮತ್ತೆ ಎಲ್ಲವನ್ನೂ ಬದಲಿಸುವಷ್ಟು ಹಣ ನನ್ನಲ್ಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಬಣ್ಣ, ದೀಪ, ಅಕ್ಷರ ಎಲ್ಲದರ ವಿವರವಿದೆ. ಆದರೆ ನಾನು ಮತ್ತೆ ಮತ್ತೆ ಓದಿದ್ದು ಆ ಹಳೆಯ ಗಿರಾಕಿಯ ಮಾತನ್ನು. ಅವರು ಬೋರ್ಡ್ ಚೆನ್ನಾಗಿಲ್ಲ ಎನ್ನಲಿಲ್ಲ. ಅದನ್ನು ನೋಡಿ ಅಂಗಡಿ ಬೇರೆಯವರ ಪಾಲಾಯಿತು ಎಂದುಕೊಂಡರು. ಇಪ್ಪತ್ತು ವರ್ಷಕ್ಕೂ ಮೇಲೆ ಅಂಗಡಿಗಳ ಬೋರ್ಡು, ಫಲಕಗಳ ವಿನ್ಯಾಸ ಮಾಡುತ್ತ ಬಂದಿದ್ದೇನೆ. ಹೊಸ ಬೋರ್ಡ್ ಏರಿದ ಮೇಲೆ ಈ ಮಾತನ್ನು ಹಲವು ಮಾಲೀಕರು ಕೇಳಿಸಿಕೊಂಡಿದ್ದಾರೆ. 'ಅಪ್ಪನ ಅಂಗಡಿಯನ್ನು ನಾನೇ ಕೈಯಾರೆ ಹಾಳು ಮಾಡಿದೆನಾ' ಎಂಬ ಅಳುಕು ನಿಮ್ಮ ಪತ್ರದುದ್ದಕ್ಕೂ ಇದೆ. ಹಾಳಾಗಿಲ್ಲ. ಪುಸ್ತಕಗಳಿವೆ, ಕುರ್ಚಿಗಳಿವೆ, ನೀವಿದ್ದೀರಿ. ಆದದ್ದು ಇಷ್ಟೇ: ಒಳಗಿರುವುದು ಒಂದು, ಹೊರಗೆ ಹೇಳುತ್ತಿರುವುದು ಇನ್ನೊಂದು. ಇದನ್ನು ಸರಿಪಡಿಸಲು ಹೊಸದಾಗಿ ಹಾಕಬೇಕಾದದ್ದು ಕಡಿಮೆ, ತೆಗೆಯಬೇಕಾದದ್ದೇ ಹೆಚ್ಚು.

ಅದಕ್ಕೂ ಮೊದಲು ಒಂದು ಕೆಲಸ. ಜನ ಕಡಿಮೆಯಾಗಲು ಬೋರ್ಡ್ ಕಾರಣವೇ ಎಂದು ನೋಡಿಕೊಳ್ಳಿ. ಎರಡು ಘಟನೆ ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಬಿಲ್ ಪುಸ್ತಕ ತೆಗೆದು ಬದಲಾವಣೆಗೆ ಹಿಂದಿನ ಆರು ತಿಂಗಳು ಮತ್ತು ಮುಂದಿನ ಆರು ತಿಂಗಳನ್ನು ಪಕ್ಕಪಕ್ಕ ಇಡಿ. ಇಳಿಕೆ ಬದಲಾವಣೆಗೆ ಮೊದಲೇ ಶುರುವಾಗಿದ್ದರೆ ಕಾರಣ ಬೇರೆ ಇದೆ. ಅಂಗಡಿ ತೆರೆಯುವ ಹೊತ್ತು, ರಸ್ತೆಯ ಓಡಾಟ, ಪುಸ್ತಕಗಳ ಆಯ್ಕೆ ಇವನ್ನು ನೋಡಬೇಕಾಗುತ್ತದೆ. ಬದಲಾವಣೆಯಾದ ತಿಂಗಳಲ್ಲೇ ಇಳಿದಿದ್ದರೆ ನಿಮ್ಮ ಅನುಮಾನಕ್ಕೆ ಬಲ ಬರುತ್ತದೆ. ಜೊತೆಗೆ ಒಂದು ವಾರ ದಿನಕ್ಕೆ ಒಂದು ಗಂಟೆ ಕೂತು ಎಣಿಸಿ: ಮುಂದೆ ಹಾದುಹೋದವರೆಷ್ಟು, ತಲೆ ತಿರುಗಿಸಿ ನೋಡಿದವರೆಷ್ಟು, ಒಳಗೆ ಬಂದವರೆಷ್ಟು. ನೋಡದೇ ಹೋಗುವವರು ಹೆಚ್ಚಾಗಿದ್ದರೆ ದೋಷ ಬೋರ್ಡಿನಲ್ಲಿ. ನೋಡಿ ಬಾಗಿಲವರೆಗೆ ಬಂದು ತಿರುಗುವವರು ಹೆಚ್ಚಾಗಿದ್ದರೆ ದೋಷ ಗಾಜು, ದೀಪ, ಫಲಕಗಳಲ್ಲಿ. ನಿಮ್ಮ ವಿವರಣೆ ನೋಡಿದರೆ ಎರಡನೆಯದರ ಪಾಲು ದೊಡ್ಡದಿರಬೇಕು. ಈ ಎಣಿಕೆ ಮುಂದೆ ಯಾವ ಬದಲಾವಣೆ ಫಲಿಸಿತು ಎಂದು ತಿಳಿಯಲೂ ಬೇಕಾಗುತ್ತದೆ.

ಇನ್ನು ಆ ಇಬ್ಬರು ಪರಿಚಯದವರ ಮಾತು.

ಬೆಲ್ಲ ಇದ್ದಲ್ಲಿಗೆ ಇರುವೆ ತಾನಾಗಿ ಬರುತ್ತದೆ ಎಂದು ನಂಬಿದವರನ್ನು ನಾನು ಬಹಳ ನೋಡಿದ್ದೇನೆ, ಅವರ ಮೇಲೆ ನನಗೆ ಗೌರವವೂ ಇದೆ, ಏಕೆಂದರೆ ಅಂಥವರೇ ಸರಕಿನ ಬಗ್ಗೆ ನಿಜವಾಗಿ ತಲೆ ಕೆಡಿಸಿಕೊಳ್ಳುವವರು. ಆದರೆ ಇರುವೆಗೆ ವಾಸನೆ ಸಿಗುತ್ತದೆ. ಬೀದಿಯಲ್ಲಿ ಹೋಗುವವನಿಗೆ ನಿಮ್ಮ ಕಪಾಟಿನ ಮೂರನೇ ಸಾಲಿನಲ್ಲಿ ಏನಿದೆ ಎಂದು ತಿಳಿಯಲು ಕಣ್ಣು ಬಿಟ್ಟರೆ ಬೇರೆ ದಾರಿಯಿಲ್ಲ, ಆ ಕಣ್ಣಿಗೆ ಸಿಗುವ ಸಮಯವೂ ಮೂರು ನಾಲ್ಕು ಹೆಜ್ಜೆಯಷ್ಟೇ. ಸರಕು ಒಮ್ಮೆ ಬಂದವರನ್ನು ಮತ್ತೆ ಕರೆತರುತ್ತದೆ. ಮೊದಲ ಸಲ ಕರೆತರುವುದು ಹೊರಗೆ ಕಾಣುವುದು.

ಕಪ್ಪು ಬಣ್ಣ ಜನರನ್ನು ಓಡಿಸುತ್ತದೆ, ಕೆಂಪು ಸೆಳೆಯುತ್ತದೆ ಎಂಬುದಕ್ಕಂತೂ ಆಧಾರ ತೀರಾ ತೆಳು. ಇಂಥಿಂಥ ಬಣ್ಣ ಇಂಥಿಂಥ ಭಾವ ಎಂಬ ಪಟ್ಟಿಗಳು ಎಲ್ಲೆಡೆ ಓಡಾಡುತ್ತವೆ. ನಾನು ಅವನ್ನು ನಂಬಿ ಒಂದು ಬೋರ್ಡನ್ನೂ ಮಾಡಿಲ್ಲ. ಬಣ್ಣಕ್ಕೆ ಒಂಟಿಯಾಗಿ ಗುಣವಿಲ್ಲ, ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆಶಾಲೆಯಲ್ಲಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್‌ಗೆ, ಅಲ್ಲಿಯ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಕಪ್ಪನ್ನು ನೀಲಿ, ನೇರಳೆಯ ಪಕ್ಕದಲ್ಲಿ ನೇಯ್ದಿದ್ದರಿಂದ ಅದು ಕಳೆಗುಂದಿದಂತೆ ಕಾಣುತ್ತಿತ್ತು. ಬಣ್ಣಗಳ ಈ ಪರಸ್ಪರ ಪ್ರಭಾವದ ಬಗ್ಗೆ ಅವರು 1839ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ನಿಮ್ಮ ಬೋರ್ಡಿಗೂ ಇದು ಅನ್ವಯ. ಅಕ್ಕಪಕ್ಕದ ಬೋರ್ಡುಗಳೆಲ್ಲ ಕೆಂಪು ಹಳದಿಯಾಗಿದ್ದರೆ ಇನ್ನೊಂದು ಕೆಂಪು ಹಳದಿ ಅವುಗಳಲ್ಲೇ ಕರಗಿಹೋಗುತ್ತದೆ.

ಕಪ್ಪು ಮತ್ತು ಚಿನ್ನದ ಜೋಡಿಯಲ್ಲಿ ನಿಜವಾದ ತೊಂದರೆ ಎರಡಿದೆ. ಮೊದಲನೆಯದು, ಆ ಜೋಡಿ ಒಡವೆ, ದುಬಾರಿ ಗಡಿಯಾರ, ಸುಗಂಧದ್ರವ್ಯದಂಥ ವ್ಯಾಪಾರಗಳಲ್ಲಿ ಬಳಸಿ ಬಳಸಿ ಒಂದು ಭಾಷೆಯಾಗಿಬಿಟ್ಟಿದೆ. ಅದನ್ನು ಕಂಡವರು 'ಇಲ್ಲಿ ಬೆಲೆ ಜಾಸ್ತಿ, ಸುಮ್ಮನೆ ನೋಡಿ ಹೋಗಲು ಬಿಡುವುದಿಲ್ಲ' ಎಂದು ಓದಿಕೊಳ್ಳುತ್ತಾರೆ. ಹಳೆಯ ಪುಸ್ತಕದಂಗಡಿಗೆ ಬರುವವರು ಬಯಸುವುದು ಇದಕ್ಕೆ ತದ್ವಿರುದ್ಧವಾದದ್ದನ್ನು. ಎರಡನೆಯದು ಹೊಳಪು. ಕನ್ನಡಿಯಂತೆ ಹೊಳೆಯುವ ಅಕ್ಷರಕ್ಕೆ ಸ್ವಂತ ಬಣ್ಣವೇ ಇಲ್ಲ. ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಮಧ್ಯಾಹ್ನ ಕಣ್ಣು ಕುಕ್ಕುತ್ತದೆ, ಮುಸ್ಸಂಜೆಗೆ ಎದುರಿನ ಕತ್ತಲನ್ನು ಹೀರಿ ತಾನೂ ಕಪ್ಪಾಗಿ ಹಿನ್ನೆಲೆಯಲ್ಲಿ ಮುಳುಗುತ್ತದೆ. ಫೋನಿನಲ್ಲಿ ಕಪ್ಪುಬಿಳುಪಿನ ಫೋಟೊ ತೆಗೆಯಿರಿ, ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ, ದೀಪ ಹಾಕಿದ ಮೇಲೆ. ಬಣ್ಣ ತೆಗೆದಾಗ ಉಳಿಯುವ ಬೆಳಕು ಕತ್ತಲಿನ ಅಂತರವೇ ಓದಿಸುವ ಶಕ್ತಿ. ವೆಬ್ ಪುಟಗಳು ಎಲ್ಲರಿಗೂ ಓದಲು ಬರಬೇಕೆಂದು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಈ ಅಂತರ ಕನಿಷ್ಠ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಇರಬೇಕೆಂದಿದೆ; ಬಿಳಿಯ ಮೇಲೆ ಕಪ್ಪಿನದು 21ಕ್ಕೆ 1. ಬೋರ್ಡಿನ ವಿಷಯದಲ್ಲಿ ನಾನು ಆ ಕನಿಷ್ಠಕ್ಕೆ ತೃಪ್ತನಾಗುವುದಿಲ್ಲ, ಏಕೆಂದರೆ ಬೋರ್ಡಿಗೆ ಧೂಳು ಕೂರುತ್ತದೆ, ಬಿಸಿಲು ಬಡಿಯುತ್ತದೆ, ಓದುವವರ ವಯಸ್ಸೂ ಒಂದೇ ಇರುವುದಿಲ್ಲ. ಅರವತ್ತರ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ನಿಮ್ಮ ಹಳೆಯ ಗಿರಾಕಿಗಳಲ್ಲಿ ಅರವತ್ತು ದಾಟಿದವರು ಎಷ್ಟಿದ್ದಾರೆ ಎಂದು ನಿಮಗೇ ಗೊತ್ತು.

ಅಕ್ಷರದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಇದು ನನಗೆ ತೀರಾ ಹತ್ತಿರದ ವಿಷಯ. ನಮ್ಮ ಲಿಪಿಯಲ್ಲಿ ಡ ಮತ್ತು ಢ, ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ವ ಮತ್ತು ಪ ನಡುವಿನದು ಒಂದು ತಿರುವು. ಒತ್ತಕ್ಷರ ಸಾಲಿನ ಕೆಳಗೆ ಇನ್ನೂ ಸಣ್ಣದಾಗಿ ಕೂರುತ್ತದೆ. ಇಷ್ಟು ಸೂಕ್ಷ್ಮವಾದ ಗುರುತುಗಳಿಗೆ ಬಳ್ಳಿ ಸುತ್ತಿಸಿದರೆ ಯಾವುದು ಅಕ್ಷರ, ಯಾವುದು ಅಲಂಕಾರ ಎಂದು ದೂರದ ಕಣ್ಣಿಗೆ ತಿಳಿಯುವುದಿಲ್ಲ. ಜಾಗಕ್ಕೆ ಹೊಂದಿಸಲೆಂದು ಅಕ್ಷರವನ್ನು ಅಡ್ಡಡ್ಡ ಎಳೆಯುವುದು ಇನ್ನೂ ಕೆಟ್ಟದ್ದು. ಗುಂಡಗಿನ ಹೊಟ್ಟೆಗಳೆಲ್ಲ ಚಪ್ಪಟೆಯಾಗಿ ಸಾಲಿಗೆ ಸಾಲೇ ಕಾಲಡಿಗೆ ಸಿಕ್ಕಂತೆ ಕಾಣುತ್ತದೆ. ಬೋರ್ಡ್ ಮಾಡುವವರಲ್ಲಿ ಒಂದು ಹಳೆಯ ಲೆಕ್ಕವಿದೆ: ಆರಾಮವಾಗಿ ಓದಬೇಕಾದರೆ ಪ್ರತಿ 3 ಮೀಟರ್ ದೂರಕ್ಕೆ ಅಕ್ಷರದ ಎತ್ತರ ಸುಮಾರು 25 ಮಿಲಿಮೀಟರ್. 15 ಮೀಟರ್ ದೂರದಿಂದ ಕಾಣಬೇಕೆಂದರೆ ಸುಮಾರು 125 ಮಿಲಿಮೀಟರ್. ಇದು ರೋಮನ್ ದೊಡ್ಡಕ್ಷರಗಳ ಲೆಕ್ಕ. ನಮ್ಮದಕ್ಕೆ ನಾನು ಒತ್ತು, ಕೊಂಬು, ದೀರ್ಘಗಳನ್ನು ಬಿಟ್ಟು ಮೂಲಾಕ್ಷರದ ಮೈಯನ್ನಷ್ಟೇ ಅಳೆದು, ಅದರ ಮೇಲೆ ಇನ್ನೊಂದಿಷ್ಟು ಸೇರಿಸುತ್ತೇನೆ.

ಆದರೆ ನಿಮ್ಮ ಹಳಬರು ದೂರವಾದದ್ದು ಓದಲು ಬಾರದ್ದರಿಂದಲ್ಲ. ದಿನವೂ ನೋಡುವ ಬೋರ್ಡನ್ನು ಯಾರೂ ಓದುವುದಿಲ್ಲ, ಗುರುತು ಹಿಡಿಯುತ್ತಾರೆ, ಅಷ್ಟೇ. ಹಸಿರು ಚೌಕ, ಅದರ ಮೇಲೆ ಬಿಳಿ ಕೈಬರಹ. ಅಷ್ಟು ಕಣ್ಣಂಚಿಗೆ ಬಿದ್ದರೆ 'ಅಂಗಡಿ ಬಂತು' ಎಂದು ಕಾಲು ತಾನಾಗಿ ತಿರುಗುತ್ತಿತ್ತು. ದೊಡ್ಡ ಕಂಪನಿಗಳೂ ಇದನ್ನು ಮರೆತು ಪೆಟ್ಟು ತಿಂದಿವೆ. ಅಮೆರಿಕದಲ್ಲಿ ಟ್ರೋಪಿಕಾನಾ ತನ್ನ ಹಣ್ಣಿನ ರಸದ ಡಬ್ಬಿಯ ಮೇಲಿದ್ದ, ಸ್ಟ್ರಾ ಚುಚ್ಚಿದ ಕಿತ್ತಳೆಯ ಚಿತ್ರವನ್ನು 2009ರ ಆರಂಭದಲ್ಲಿ ತೆಗೆದು ಹೊಸ ವಿನ್ಯಾಸ ತಂದಿತು. ರಸ ಅದೇ. ಆದರೆ ಜನರಿಗೆ ಸಾಲಿನಲ್ಲಿ ತಮ್ಮ ಡಬ್ಬಿ ಯಾವುದೆಂದೇ ತಿಳಿಯಲಿಲ್ಲ. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇಕಡಾ 20ರಷ್ಟು ಕುಸಿದು, ಹಳೆಯ ಡಬ್ಬಿಯನ್ನೇ ವಾಪಸ್ ತರುವುದಾಗಿ ಕಂಪನಿ ಹೇಳಬೇಕಾಯಿತು. ಒಂದು ಅಂಗಡಿಯ ಕೆಲಸದಲ್ಲಿ ನಾನೂ ಇದೇ ತಪ್ಪು ಮಾಡಿದ್ದೇನೆ. ಬಣ್ಣ ಎದ್ದುಹೋಗಿದ್ದ ನೀಲಿ ಬಾಗಿಲನ್ನು ಅಂದಗಾಣಿಸಲೆಂದು ಬೂದು ಮಾಡಿಸಿದೆ. 'ನೀಲಿ ಬಾಗಿಲಿನ ಅಂಗಡಿ' ಎಂದೇ ಜನ ಒಬ್ಬರಿಗೊಬ್ಬರು ದಾರಿ ಹೇಳುತ್ತಿದ್ದರು ಎಂದು ನನಗೆ ತಿಳಿದದ್ದು ಆಮೇಲೆ. ಆ ಮಾಲೀಕರ ಕ್ಷಮೆ ಕೇಳಿ ನನ್ನ ಖರ್ಚಿನಲ್ಲೇ ನೀಲಿ ಬಳಿಸಿಕೊಟ್ಟೆ. ಅಂದಿನಿಂದ ಯಾವ ಕೆಲಸಕ್ಕೆ ಹೋದರೂ ನನ್ನ ಮೊದಲ ಪ್ರಶ್ನೆ ಒಂದೇ: ನಿಮ್ಮ ಅಂಗಡಿಗೆ ಜನ ದಾರಿ ಹೇಗೆ ಹೇಳುತ್ತಾರೆ?

ಗಾಜಿನ ಸ್ಟಿಕ್ಕರ್ ವಿಷಯ ಬೇಗ ಮುಗಿಯುತ್ತದೆ. ನಿಮ್ಮ ಬಳಿ ನಿಜವಾದ ಪುಸ್ತಕಗಳಿವೆ, ಎರಡು ಕುರ್ಚಿಗಳಿವೆ, ಅವುಗಳಲ್ಲಿ ಕೂತು ಓದುವ ಮನುಷ್ಯರಿದ್ದಾರೆ. ಅದನ್ನೆಲ್ಲ ಮುಚ್ಚಿ ಯಾರದೋ ಪುಸ್ತಕಗಳ ಫೋಟೊ ಅಂಟಿಸಿದ್ದೀರಿ. ಮುಚ್ಚಿದ ಗಾಜಿನ ಆಚೆ ಏನಿದೆ ಎಂದು ತಿಳಿಯದೆ ಬಾಗಿಲು ತಳ್ಳಲು ಬಹುತೇಕರಿಗೆ ಸಂಕೋಚ. ಒಳಗೆ ಹೋದರೆ ಕೊಳ್ಳಲೇಬೇಕೇನೋ, ಮಾಲೀಕರು ಒಬ್ಬರೇ ಇದ್ದರೆ ಹೇಗೋ ಎಂಬ ಹಿಂಜರಿಕೆ. ಒಳಗೊಬ್ಬರು ಕಾಲು ಚಾಚಿ ಓದುತ್ತಿರುವುದು ಕಂಡರೆ ಸಾಕು, ಆ ಹಿಂಜರಿಕೆ ಹೋಗುತ್ತದೆ. ನಿಮ್ಮ ಅಂಗಡಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತನ್ನು ನಾನು ಮಾಡಿಕೊಡಲಾರೆ. ಅದೂ ಅಲ್ಲದೆ, ಬಿಸಿಲಿಗೆ ಒಡ್ಡಿದ ಬಣ್ಣದ ಮುದ್ರಣದಲ್ಲಿ ಸಾಮಾನ್ಯವಾಗಿ ಕೆಂಪು ಹಳದಿಯ ಅಂಶ ಮೊದಲು ಮಾಸಿ ನೀಲಿ ಉಳಿಯುತ್ತದೆ. ಒಂದು ವರ್ಷದ ನಿಮ್ಮ ಸ್ಟಿಕ್ಕರ್ ಈಗಾಗಲೇ ನೀಲಿಗಟ್ಟಿದ್ದರೆ, ನೋಡಿದವರಿಗೆ ಮುಚ್ಚಿಹೋದ ಅಂಗಡಿ ನೆನಪಾಗುತ್ತದೆ.

ದೀಪ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ದೀಪದ ಡಬ್ಬಿಯ ಮೇಲೆ ಬರೆದಿರುತ್ತದೆ. ನಿಮ್ಮದು 6500 ಕೆಲ್ವಿನ್ ಇರಬಹುದು, ನೀಲಿ ಛಾಯೆಯ ಬಿಳಿ. ಹಳೆಯ ಪುಸ್ತಕದ ಹಾಳೆ ಹಳದಿಯಾಗಿರುತ್ತದೆ, ಕಾಗದದಲ್ಲಿರುವ ಲಿಗ್ನಿನ್ ಎಂಬ ಸಸ್ಯಾಂಶ ಗಾಳಿ ಬೆಳಕಿಗೆ ಬದಲಾಗುವುದರಿಂದ. 2700ರಿಂದ 3000 ಕೆಲ್ವಿನ್‌ನ ಬೆಚ್ಚನೆಯ ಬೆಳಕಿನಲ್ಲಿ ಆ ಹಳದಿ ಹಿತವಾಗಿ ಕಾಣುತ್ತದೆ, ಮರದ ಕಪಾಟೂ ಹಾಗೆಯೇ. ಅದೇ ಹಾಳೆ ತಣ್ಣನೆಯ ಬಿಳಿಯಲ್ಲಿ ರೋಗಿಯ ಮುಖದಂತೆ ಬಿಳಿಚಿಕೊಂಡು 'ಹಳೆಯ ಮಾಲು' ಅನ್ನಿಸುತ್ತದೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಸೂಚ್ಯಂಕವೂ ಡಬ್ಬಿಯ ಮೇಲಿರುತ್ತದೆ, 90 ಅಥವಾ ಹೆಚ್ಚಿನದು ನೋಡಿ ಕೊಳ್ಳಿ. ಒಂದು ದೀಪವನ್ನಾದರೂ ಕಿಟಕಿಯ ಹತ್ತಿರ ಇಡಿ. ಹಗಲಲ್ಲಿ ಹೊರಗಿನ ಬೆಳಕು ಹೆಚ್ಚಿರುವುದರಿಂದ ಗಾಜು ಕನ್ನಡಿಯಾಗುತ್ತದೆ. ಕಿಟಕಿಯ ಬಳಿ ಬೆಳಕಿದ್ದರಷ್ಟೇ ಒಳಗಿನದು ಹೊರಗೆ ಕಾಣುತ್ತದೆ.

ಈಗ ಆ ಹನ್ನೊಂದು ಫಲಕ. ನೀವು ಅವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ನನ್ನ ಮಟ್ಟಿಗೆ ಅತಿ ದೊಡ್ಡ ನಷ್ಟ ಅಲ್ಲೇ ಆಗಿದೆ. ಫಲಕದಲ್ಲಿ ಏನು ಬರೆದಿದೆ ಎಂದು ನೀವು ತಿಳಿಸಿಲ್ಲ. ನಿಯಮಗಳು ಹನ್ನೊಂದಕ್ಕೆ ಏರಿದ ಕಡೆಯಲ್ಲೆಲ್ಲ ನಾನು ಕಂಡದ್ದು ಇಂಥವು: ಪುಸ್ತಕ ತೆಗೆದಲ್ಲೇ ಇಡಿ, ಫೋಟೊ ತೆಗೆಯಬೇಡಿ, ಚೌಕಾಸಿ ಮಾಡಬೇಡಿ, ಚೀಲ ಒಳಗೆ ತರಬೇಡಿ. ಒಂದೊಂದಕ್ಕೂ ಹಿಂದೆ ಒಂದು ಕಹಿ ಘಟನೆ ಇರುತ್ತದೆ, ಎಂದೋ ಒಬ್ಬರು ಹಾಳೆ ಹರಿದಿರುತ್ತಾರೆ, ಒಬ್ಬರು ಪುಸ್ತಕ ಕದ್ದಿರುತ್ತಾರೆ. ಆ ಒಬ್ಬರಿಗೆ ಹೇಳಬೇಕಾದ ಮಾತನ್ನು ಮುಂದೆ ಬರುವ ಸಾವಿರ ಜನಕ್ಕೆ ಕೆಂಪಕ್ಷರದಲ್ಲಿ ಹೇಳುತ್ತಿರುತ್ತೇವೆ. ನಿಮ್ಮ ಅಪ್ಪ 'ಎಷ್ಟು ಹೊತ್ತು ಬೇಕಾದರೂ ಕೂತು ಓದಿ' ಎಂದು ಬಾಯಿಂದ ಹೇಳುತ್ತಿದ್ದರು. ಈಗ ಗೋಡೆ ಅದಕ್ಕೆ ಎದುರು ಮಾತಾಡುತ್ತಿದೆ. ಬಾಯಿ ಕರೆಯುತ್ತಿದ್ದು ಗೋಡೆ ಗದರುತ್ತಿದ್ದರೆ ಜನ ನಂಬುವುದು ಗೋಡೆಯನ್ನು.

ಹನ್ನೊಂದನ್ನೂ ಇಳಿಸಿ ಮೇಜಿನ ಮೇಲೆ ಹರಡಿ. ಒಂದು ತಿಂಗಳು ಯಾವುದೂ ಇಲ್ಲದೆ ನಡೆಸಿ ನೋಡಿ. ಯಾವುದಿಲ್ಲದೆ ನಿಜವಾಗಿ ತೊಂದರೆಯಾಯಿತೋ ಅದೊಂದನ್ನು ವಾಪಸ್ ಹಾಕಿ, ಅದೂ ನೀವು ಎದುರಿಗಿದ್ದು ಹೇಳುವ ಧಾಟಿಯಲ್ಲಿ. 'ಪುಸ್ತಕ ತೆಗೆದಲ್ಲೇ ಇಡಿ' ಎಂಬುದನ್ನು 'ಎಲ್ಲಿಂದ ತೆಗೆದಿರಿ ಎಂದು ಮರೆತರೆ ನನ್ನ ಮೇಜಿನ ಮೇಲಿಡಿ, ನಾನು ಇಡುತ್ತೇನೆ' ಎಂದು ಬರೆದರೆ ಕೆಲಸವೂ ಆಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಕಪಾಟಿನ ಪುಸ್ತಕಕ್ಕಿಂತ ಮೊದಲು ಕಣ್ಣಿಗೆ ಬೀಳುವ ಯಾವ ಫಲಕವನ್ನೂ ಉಳಿಸಬೇಡಿ.

ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ. ಮೊದಲನೆಯದು, ಬೋರ್ಡನ್ನು ಸದ್ಯಕ್ಕೆ ಮುಟ್ಟದೆ ಸ್ಟಿಕ್ಕರ್ ಮತ್ತು ಫಲಕ ತೆಗೆದು ದೀಪ ಬದಲಿಸುವುದು. ಖರ್ಚು ತೀರಾ ಕಡಿಮೆ, ನಾನು ಹೇಳುವುದೂ ಇಲ್ಲಿಂದಲೇ ಶುರು ಮಾಡಿ ಎಂದು. ಅಪಾಯ ಸಣ್ಣವು, ಆದರೂ ಇವೆ. ಬಿಸಿಲಲ್ಲಿ ಬೆಂದ ಸ್ಟಿಕ್ಕರ್ ಚೂರುಚೂರಾಗಿ ಕಿತ್ತು ಬಂದು ಅಂಟು ಗಾಜಿಗೇ ಉಳಿಯುತ್ತದೆ. ಕೂದಲು ಒಣಗಿಸುವ ಡ್ರೈಯರ್‌ನಷ್ಟು ಹದವಾದ ಬಿಸಿ ಕೊಟ್ಟು ನಿಧಾನವಾಗಿ ಎಳೆಯಿರಿ, ಅಂಟಿಗೆ ಸೋಪಿನ ನೀರು ಹಾಕಿ ಪ್ಲಾಸ್ಟಿಕ್ ಪಟ್ಟಿಯಿಂದ ಉಜ್ಜಿ. ಒಂದೇ ಕಡೆ ಜೋರು ಬಿಸಿ ತಾಗಿದರೆ ಗಾಜು ಬಿರುಕು ಬಿಡಬಹುದು. ಸ್ಟಿಕ್ಕರ್ ಹೋದ ಮೇಲೆ ಬಿಸಿಲು ಒಳಗೆ ಬರುತ್ತದೆ, ಕಿಟಕಿಯಲ್ಲಿಟ್ಟ ಪುಸ್ತಕಗಳ ಬೆನ್ನು ಮಾಸುತ್ತದೆ. ಬೆಲೆಬಾಳುವವನ್ನು ಅಲ್ಲಿಡಬೇಡಿ, ಇಟ್ಟವನ್ನು ವಾರಕ್ಕೊಮ್ಮೆ ಬದಲಿಸಿ; ಹಾದುಹೋಗುವವರಿಗೆ ನೋಡಲು ಹೊಸದೂ ಸಿಗುತ್ತದೆ.

ಎರಡನೆಯದು, ಹಳೆಯ ಬೋರ್ಡನ್ನೇ ಮತ್ತೆ ಏರಿಸುವುದು. ಮನಸ್ಸು ಅತ್ತಲೇ ಎಳೆಯುತ್ತದೆ ಎಂದು ಬಲ್ಲೆ. ಆದರೆ ನೀವೇ ಬರೆದಂತೆ ಅದು ತೀರಾ ಹಳತಾಗಿತ್ತು. ಹಲಗೆ ಲಡ್ಡಾಗಿದ್ದರೆ, ತುಕ್ಕು ಹಿಡಿದಿದ್ದರೆ ತಲೆಯ ಮೇಲೆ ತೂಗುಹಾಕುವುದು ಸುರಕ್ಷಿತವಲ್ಲ. ಬಣ್ಣ ಮಾಸಿದ ಬೋರ್ಡ್ ಮುದ್ದಾಗಿ ಕಾಣುವುದು ನಮಗೆ, ಅದರ ಕತೆ ಗೊತ್ತಿರುವುದರಿಂದ. ಗೊತ್ತಿಲ್ಲದವರಿಗೆ ಅದು ನಿರ್ಲಕ್ಷ್ಯವಾಗಿ ಕಾಣಬಹುದು.

ಮೂರನೆಯದು ನನಗೆ ಹೆಚ್ಚು ಸರಿ ಅನ್ನಿಸುವುದು: ಹಳೆಯದರ ಗುರುತನ್ನು ಉಳಿಸಿಕೊಂಡು ಹೊಸದಾಗಿ ಬರೆಸುವುದು. ಅದೇ ಹಸಿರು, ಅದೇ ಬಿಳಿ, ಅದೇ ಕೈಬರಹದ ತಿರುವು. ಹಲಗೆ ಮಾತ್ರ ಗಟ್ಟಿಯದು, ಅಕ್ಷರ ಇನ್ನಷ್ಟು ದಪ್ಪ, ಸುತ್ತ ಇನ್ನಷ್ಟು ಖಾಲಿ ಜಾಗ. ಹೆಸರಿನ ಕೆಳಗೆ 'ಹಳೆಯ ಪುಸ್ತಕಗಳು' ಎಂಬ ಎರಡೇ ಪದ. ಕೈಯಿಂದ ಬರೆಯುವ ಕಲಾವಿದರು ಸಿಕ್ಕರೆ ಅವರಿಂದಲೇ ಮಾಡಿಸಿ. ಇದರ ಅಪಾಯವೆಂದರೆ ಹಳತಿನ ವೇಷ. ಬೇಕೆಂದೇ ಬಣ್ಣ ಕೆರೆದು, ಅಂಚು ಸುಟ್ಟು ನೂರು ವರ್ಷದ ಬೋರ್ಡಿನಂತೆ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಬೇಡ ಎನ್ನಿ. ನಿಮ್ಮ ಅಂಗಡಿಗೆ ಇರುವ ವಯಸ್ಸು ನಿಜವಾದದ್ದು, ಅದಕ್ಕೆ ಬಣ್ಣ ಬಳಿಯಬೇಕಿಲ್ಲ.

ಕಂಪ್ಯೂಟರ್ ತಾನೇ ಲೋಗೊ ಮಾಡಿಕೊಡುವ ಸೇವೆಗಳ ಬಗ್ಗೆ ನೀವು ಕೇಳಿಲ್ಲವಾದರೂ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಅವುಗಳಲ್ಲಿ ಒತ್ತಕ್ಷರ ತಪ್ಪುವುದನ್ನು, ಇಲ್ಲದ ಅಕ್ಷರ ಹುಟ್ಟುವುದನ್ನು ಬಹಳ ಸಲ ಕಂಡಿದ್ದೇನೆ. ಬಳಸಿದರೂ ಅಕ್ಷರ ಬಲ್ಲವರೊಬ್ಬರಿಗೆ ತೋರಿಸದೆ ಅಚ್ಚಿಗೆ ಕೊಡಬೇಡಿ.

ಯಾವುದೇ ಆದರೂ ಪೂರ್ತಿ ಹಣ ಕೊಡುವ ಮುನ್ನ ಬೋರ್ಡನ್ನು ನಿಜವಾದ ಗಾತ್ರದಲ್ಲಿ ಅಗ್ಗದ ಕಾಗದದ ಮೇಲೆ ಬರೆಸಿ, ಬೋರ್ಡಿರುವ ಜಾಗಕ್ಕೇ ಎರಡು ದಿನ ಕಟ್ಟಿ. ಫೋನಿನ ಪರದೆಯಲ್ಲಿ ನೋಡಿ ಒಪ್ಪಬೇಡಿ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಬೋರ್ಡ್ ಶಾಯಿಯಿಂದ, ಎರಡೂ ಹೊಂದುವುದಿಲ್ಲ. ಎದುರು ಬದಿಯಲ್ಲಿ ನಿಂತು ಕಣ್ಣು ಅರ್ಧ ಮುಚ್ಚಿ ನೋಡಿ. ಅಂಗಡಿ ಗೊತ್ತಿಲ್ಲದ ಒಬ್ಬರಿಗೆ ಮೂರು ಸೆಕೆಂಡ್ ತೋರಿಸಿ, ಒಳಗೆ ಏನು ಸಿಗುತ್ತದೆ ಎಂದು ಕೇಳಿ. ಹಳೆಯ ಗಿರಾಕಿಯೊಬ್ಬರಿಗೂ ತೋರಿಸಿ, ಇದು ಯಾರ ಅಂಗಡಿ ಎಂದು ಕೇಳಿ. ಇಬ್ಬರಿಂದಲೂ ಸರಿಯಾದ ಉತ್ತರ ಬರುವವರೆಗೆ ಕಾಗದದಲ್ಲೇ ತಿದ್ದಿ. ಒಂದೂವರೆ ವರ್ಷದಲ್ಲಿ ಮೂರು ಸಲ ಬೋರ್ಡ್ ಬದಲಾದ ಅಂಗಡಿಯನ್ನು ಕಂಡರೆ, ಇದು ನಿಲ್ಲುವುದಿಲ್ಲವೇನೋ ಎಂದು ಜನರಿಗೆ ಅನ್ನಿಸುತ್ತದೆ. ಆದ್ದರಿಂದ ಈ ಸಲದ ಬದಲಾವಣೆಗೆ ಅವಸರ ಬೇಡ, ಎರಡು ಮೂರು ತಿಂಗಳು ಹಿಡಿದರೂ ಸರಿ.

ಅಪ್ಪನ ಬೋರ್ಡನ್ನು ಇನ್ನೂ ಗುಜರಿಗೆ ಹಾಕಿಲ್ಲ ಎಂದು ನಂಬಿದ್ದೇನೆ. ಇದ್ದರೆ ಇವತ್ತೇ ಹೊರಗೆ ತೆಗೆದು, ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಧೂಳು ಒರೆಸಿ. ತೆಳುವಾದ ಹಾಳೆಯನ್ನು ಅಕ್ಷರಗಳ ಮೇಲಿಟ್ಟು ಪೆನ್ಸಿಲಿನಿಂದ ಒಂದೊಂದರ ಅಂಚನ್ನೂ ತೆಗೆದುಕೊಳ್ಳಿ. ಎದುರು ನಿಂತು, ನೆರಳಿನ ಬೆಳಕಿನಲ್ಲಿ, ಫೋನನ್ನು ಬೋರ್ಡಿಗೆ ಸಮನಾಗಿ ಹಿಡಿದು ಫೋಟೊ ತೆಗೆಯಿರಿ. ಚೌಕಟ್ಟಿನ ಅಂಚಿನಡಿ ಬಿಸಿಲು ಕಾಣದೆ ಉಳಿದ ಹಸಿರಿನ ಒಂದು ಎಳೆ ಇರುತ್ತದೆ. ಬಣ್ಣದ ಅಂಗಡಿಗೆ ಮಾದರಿಯಾಗಿ ಒಯ್ಯಬೇಕಾದದ್ದು ಅದನ್ನು, ಮಾಸಿದ ಮೇಲ್ಭಾಗವನ್ನಲ್ಲ.